ಎರಡು ಕುರಿ, ಒಂದೇ ಗೆಣ್ಣು

ಮಿಲ್ಲಿನ ಸಾಹುಕಾರ ವಿರೂಪಣ್ಣನ ತಲೆಯನ್ನು ಯಾವುದರಿಂದ ಒಡೆಯಬಹುದು ಎಂದು ಗದ್ದೆಪ್ಪ ಬೆಳಗಿನಿಂದ ಯೋಚಿಸುತ್ತಿದ್ದ. ಪ್ರಿಂಟರು ಭಾರ, ಎತ್ತಲಾಗದು. ಟರ್ಮಿನಲ್ಲಿನ ಗಾಜು ಒಡೆದರೆ ತನ್ನ ಕೈಗೇ ಚುಚ್ಚೀತು. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಡಿಸ್ಕು ಮಾತ್ರ ಹಿಡಿತಕ್ಕೆ ಸಿಗುವಂಥದ್ದು, ಖಾರ ಅರೆಯುವ ಕಲ್ಲಿನಷ್ಟು ತೂಕದ್ದು. ಅದನ್ನು ಎರಡೂ ಕೈಯಲ್ಲಿ ಎತ್ತಿ, ಸಾಹುಕಾರ ಹಿಂದಿನಿಂದ ಬಂದು ತನ್ನ ಭುಜದ ಮೇಲಿಂದ ಪರದೆಗೆ ಇಣುಕುವ ಹೊತ್ತಿಗೆ ಒಮ್ಮೆಲೆ ತಿರುಗಿ... ಇಲ್ಲಿಗೆ ಬಂದಾಗ ಪ್ರತಿ ಸಲವೂ ಅವನಿಗೆ ನಗು ಬರುತ್ತಿತ್ತು. ಹುಟ್ಟಿದಾಗಿನಿಂದ ಒಂದು ನಾಯಿಗೂ ಕಲ್ಲು ಎಸೆಯದವನು ಅವನು. ಹೊಡೆಯಬೇಕಾದದ್ದು ವಿರೂಪಣ್ಣನನ್ನಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಎದುರಿಗೆ ಹಸಿರು ಅಕ್ಷರಗಳಲ್ಲಿ ನಿಂತಿದ್ದ ಪ್ರೋಗ್ರಾಮಿನ ಆ ಸಾಲು ಅವನ ಕೈಯಿಂದಲೇ ಉಳಿದುಹೋದದ್ದು. ಬದಲಿಸಬೇಕಿತ್ತು, ಬದಲಿಸಿರಲಿಲ್ಲ. ಅದರಿಂದಾಗಿ ಪೋತ್ನಾಳದ ಆಚೆ ಕಾಲುವೆಯ ದಂಡೆಯಲ್ಲಿ ಒಬ್ಬ ಮನುಷ್ಯನ ಕೈ ಹೋಗಿತ್ತು, ಹೊಡೆದವನು ಗದ್ದೆಪ್ಪನ ಒಡಹುಟ್ಟಿದ ಅಣ್ಣ.

ತಪ್ಪು ಸಿಕ್ಕಿದ್ದು ಆಗಷ್ಟೇ. ಹುಡುಕುವುದಕ್ಕೆ ಒಂದು ವಾರ ಹಿಡಿದಿತ್ತು, ಸಿಕ್ಕ ಮೇಲೆ ನೋಡಿದರೆ ಇಷ್ಟೇ ಇಷ್ಟು. ಯಂತ್ರದೊಳಗೆ ಬರಹವೆಲ್ಲ ಸಣ್ಣ ಸಣ್ಣ ಮನೆಗಳಲ್ಲಿ ಇರುತ್ತದೆ, ಮನೆಗೊಂದು ಸಂಖ್ಯೆ. ಯಾವ ಬರಹ ಯಾವ ಮನೆಯಲ್ಲಿದೆ ಎಂದು ನೆನಪಿಡುವುದು ಫೈಲ್ ಸಿಸ್ಟಮ್ಮಿನ ಕೆಲಸ. ಆ ಸಂಖ್ಯೆ ಬರೆದಿಟ್ಟುಕೊಳ್ಳಲು ಅದಕ್ಕೆ ಕೊಟ್ಟ ಜಾಗ ಗಿಡ್ಡದು. ಮೂವತ್ತೆರಡು ಸಾವಿರ ಚಿಲ್ಲರೆ ಮನೆಗಳ ತನಕ ಎಲ್ಲ ಸುಸೂತ್ರ, ಅದರಾಚೆ ಒಂದು ಹೆಚ್ಚಾದರೂ ಸಂಖ್ಯೆ ಉಕ್ಕಿ, ಮಗುಚಿ, ಋಣಸಂಖ್ಯೆಯಾಗಿ ಬಿಡುತ್ತದೆ. ಮುಂದಿನ ಸಾಲು ಆ ಋಣದ ಗುರುತನ್ನು ಒರೆಸಿ ಹಾಕುತ್ತದೆ, ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಹಾಗಾಗಿ ಊರ ಕೊನೆಯ ಮನೆಗೆ ಹೋಗಬೇಕಾದ ಬರಹ ಊರ ಮೊದಲ ಮನೆಗೆ ನುಗ್ಗಿ, ಅಲ್ಲಿ ಮೊದಲೇ ಇದ್ದದ್ದರ ಎದೆಯ ಮೇಲೆ ಕೂತುಬಿಡುತ್ತದೆ. ಯಂತ್ರ ತಪ್ಪಾಯಿತು ಎಂದು ಕೂಗುವುದಿಲ್ಲ, ಎಲ್ಲ ಸರಿಯಿದೆ ಎಂದೇ ಹೇಳುತ್ತದೆ. ಕಾಲುವೆ ನೀರಿನ ಪಾಳಿಯ ಕಾಗದ ಅಚ್ಚು ಹಾಕುವ ಗುತ್ತಿಗೆಯೂ ವಿರೂಪಣ್ಣನದೇ. ಕಾಲುವೆಯ ಕೆಳಗಿನ ಹಳ್ಳಿಗಳ ನೀರಿನ ಪಾಳಿ ಇದ್ದ ಮನೆಯ ಮೇಲೆ ಮೇಲಿನ ಹಳ್ಳಿಗಳ ಪಾಳಿ ಹೋಗಿ ಕೂತದ್ದು ಹೀಗೆ. ರೈತರಿಗೆ ಹಂಚಿದ ಕಾಗದ ಅದಕ್ಕಿಂತ ಮೊದಲು ಅಚ್ಚಾದದ್ದು, ಸರಿಯಾದದ್ದು. ಸೌಡಿಗೆ, ಅಂದರೆ ಕಾಲುವೆಯ ಗೇಟು ಕಾಯುವವನಿಗೆ, ಕಳಿಸಿದ ಕಾಗದ ಆಮೇಲೆ ಅಚ್ಚಾದದ್ದು. ಒಂದೇ ರಾತ್ರಿ, ಒಂದೇ ನೀರು, ಎರಡು ಕಾಗದ. ಗದ್ದೆಪ್ಪ ಸಾಲನ್ನು ತಿದ್ದಿದ, ಉಳಿದ ಕಡೆಯೆಲ್ಲ ಮತ್ತೊಮ್ಮೆ ಹುಡುಕಿ ಕಣ್ತಪ್ಪಿದ್ದ ಇನ್ನೊಂದನ್ನೂ ತಿದ್ದಿದ. ಹೊಸ ಕರ್ನಲ್, ಅಂದರೆ ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಮು, ತಯಾರಾಗುತ್ತ ಡಿಸ್ಕು ಗೊರ್ ಗೊರ್ ಎನ್ನತೊಡಗಿತು.

ದಸರೆಯ ಮರುವಾರ ದೊಡ್ಡ ಡಿಸ್ಕು ಬಂದಾಗಲೇ ಆಗಬೇಕಿದ್ದ ಕೆಲಸ ಅದು. ದೊಡ್ಡ ಡಿಸ್ಕಿಗೆ ದೊಡ್ಡ ಸಂಖ್ಯೆ ಬೇಕು ಎಂದು ಅವನಿಗೆ ಗೊತ್ತಿತ್ತು. ಸಾಲು ಸಾಲಾಗಿ ಬದಲಿಸುತ್ತ ಬಂದಿದ್ದ. ಕೊನೆಯದೊಂದು ಉಳಿದಿತ್ತು, ಅಷ್ಟರಲ್ಲಿ ವಿರೂಪಣ್ಣ ರೇಷ್ಮೆ ಶಲ್ಯ ಹೊದ್ದು, ಊದಿನಕಡ್ಡಿ ಹಚ್ಚಿಕೊಂಡು, ಪೂಜೆ ಮಾಡುವ ಅಯ್ಯನವರನ್ನು ಹಿಂದಿಟ್ಟುಕೊಂಡು ಬಂದು ನಿಂತ. ಹತ್ತೂವರೆಯ ಒಳಗೆ ಮುಹೂರ್ತ, ಆಮೇಲೆ ರಾಹುಕಾಲ. ಮಷಿನ್ನು ಓಡುತ್ತಿರುವಾಗಲೇ ಕಾಯಿ ಒಡೆಯಬೇಕು, ನಿಂತ ಮಷಿನ್ನಿಗೆ ಪೂಜೆ ಮಾಡಿದರೆ ಫಲವಿಲ್ಲ. "ಏನಲೇ, ಕುರಿ ಉಣ್ಣಿ ಬಿಡಸಿದಂಗ ಬಿಡಸಾಕತ್ತೀದಿ? ಬೇಗ ಮುಗಸು," ಎಂದು ಅವನು ಎಲ್ಲರೆದುರಿಗೆ ಅಂದಾಗ ಮಿಲ್ಲಿನ ಗುಮಾಸ್ತರು ನಕ್ಕಿದ್ದರು. ಅಯ್ಯನವರೂ ನಕ್ಕಿದ್ದರು. ಉರಿ ತಲೆಗೇರಿ ಗದ್ದೆಪ್ಪ ಅಲ್ಲಿಗೇ ನಿಲ್ಲಿಸಿ ಯಂತ್ರ ಚಾಲೂ ಮಾಡಿಬಿಟ್ಟಿದ್ದ. ಆ ಒಂದು ಸಾಲು ಆಮೇಲೆ ನೋಡಿದರಾಯಿತು, ಡಿಸ್ಕು ಅಷ್ಟು ತುಂಬುವುದಕ್ಕೆ ವರ್ಷವಾದರೂ ಬೇಕು ಎಂದುಕೊಂಡಿದ್ದ. ಕಾಯಿ ಒಡೆದರು, ನೀರು ಕೀಲಿಮಣೆಯ ಹತ್ತಿರದ ತನಕ ಸಿಡಿಯಿತು. ಮಿಲ್ಲುಗಳ ಲೆಕ್ಕ, ಹತ್ತಿಯ ಲೆಕ್ಕ ಎಂದು ವಿರೂಪಣ್ಣ ಸಿಕ್ಕಸಿಕ್ಕವರ ಕೆಲಸ ಹಿಡಿದು ತುಂಬಿದ, ವರ್ಷದ ಮಾತು ನಾಲ್ಕೇ ತಿಂಗಳಿಗೆ ಬಂತು.

ಬಾಗಿಲ ಹತ್ತಿರ ಯಾರೋ ಹೆಂಗಸಿನ ದನಿ ಕೇಳಿ ಅವನು ತಿರುಗಲಿಲ್ಲ. ತಿರುಗದೆಯೂ ಅದು ಯಾರೆಂದು ಗೊತ್ತಾಯಿತು. ಹೊರಗೆ ರಾಯಚೂರಿನ ಗಂಜಿನ, ಅಂದರೆ ಕಾಳಿನ ಮಾರುಕಟ್ಟೆಯ, ಬಿಸಿಲಲ್ಲಿ ಚಪ್ಪಲಿ ಬಿಟ್ಟು, ತಣ್ಣನೆಯ ಈ ಕೋಣೆಯ ಹೊಸ್ತಿಲಲ್ಲಿ ಬರಿಗಾಲ ಬೆರಳುಗಳನ್ನು ಮುದುರಿಕೊಂಡು ನಿಂತಿದ್ದಳು ಖಾಸಿಂ ಬೀ, ಸೌಡಿ ಶಂಶುದ್ದೀನನ ಹೆಂಡತಿ.

"ಏನವಾ? ಗಂಡನ ಕೈ ಗೇಟಿನಾಗ ಸಿಕ್ಕಿತ್ತಂತಲ್ಲ," ಎಂದ ವಿರೂಪಣ್ಣ, ಕುರ್ಚಿಯಿಂದ ಏಳದೆ.

"ಮಾನ್ವಿ ದವಾಖಾನಿಯಾಗ ಹಂಗಂತ ಬರಸೀವ್ರಿ ಸಾವಕಾರ್ರ. ಹೊಡದವ್ರ ಹೆಸರ ಹೇಳಿ ಆ ದಂಡಿ ಮ್ಯಾಲ ಬಾಳೇ ಮಾಡಾಕ ಆಗತದೇನ್ರಿ? ನಾ ಅದಕ್ಕ ಬಂದಿಲ್ಲ. ನಿಮ್ಮ ಮಷಿನ್ನ ಒಮ್ಮಿ ಕೇಳ್ರಿ. ನನ್ನ ಗಂಡಗ ಏನ ಬರದು ಕಳಿಸಿತ್ತು ಅಂತ ಕೇಳ್ರಿ. ಅವ ಓದಿದಂಗ ಗೇಟ ಹಾಕಿದ್ದ. ಮ್ಯಾಲಿನವರ ಕಡಿಂದ ರೊಕ್ಕ ತಿಂದಾನ, ಅದಕ್ಕ ಗೇಟ ಹಾಕ್ಯಾನ ಅಂತ ಊರೆಲ್ಲ ಅಂತದ. ಒಂದ ಕಪ್ಪ ಚಾ ಕುಡದಿಲ್ರೀ ಅವರ ಮನ್ಯಾಗ."

"ಮಷಿನ್ ತಪ್ಪು ಮಾಡಂಗಿಲ್ಲವಾ. ಹೌದಿಲ್ಲೋ ಗದ್ದೆಪ್ಪ?"

ಗದ್ದೆಪ್ಪ ಕೀಲಿಮಣೆಯ ಮೇಲೆ ಬಾಗಿದ. ಪರದೆಯ ಮೇಲೆ ತಾನು ಈಗತಾನೆ ತಿದ್ದಿದ ಸಾಲು ಮಿಟುಕುತ್ತಿತ್ತು. "ನೋಡತೀನ್ರಿ," ಎಂದ.

"ಇವತ್ತ ಸಂಜೀಕ ಬರತಾರ್ರೀ ಸಾಬ್," ಎಂದಳು ಅವಳು, ಈ ಸಲ ನೇರ ಅವನ ಬೆನ್ನಿಗೆ. "ಕ್ವಾರ್ಟರ್ಸ್ ಬಾಗಿಲ ಮುರದು, ಸಾಮಾನು ಕಾಲುವಿಗೆ ಒಗದು, ನಮ್ಮನ್ನ ಹೊರಗ ಹಾಕತಾರಂತ. ಉಳದ ಕೈನೂ ಬಿಡಂಗಿಲ್ಲ ಅಂದಾರ. ಎಲ್ಲಾರಿಗೂ ಮುಂದ ನಿಮ್ಮ ಅಣ್ಣ ಅದಾನ್ರೀ. ನೀವರ ಒಂದ ಮಾತ ಹೇಳ್ರಿ."

ವಿರೂಪಣ್ಣ ಕೈ ಬೀಸಿದ. ಗುಮಾಸ್ತನೊಬ್ಬ ಬಂದು, ತಂಪು ಗಾಳಿ ಹೊರಗೆ ಹೋಗುತ್ತದೆ ಎಂದು ಹೇಳಿ, ಅವಳ ಮುಖಕ್ಕೆ ಬಾಗಿಲು ಹಾಕಿದ. ಗಾಜಿನ ಆಚೆ ಅವಳು ಸ್ವಲ್ಪ ಹೊತ್ತು ನಿಂತಿದ್ದು, ಚಪ್ಪಲಿ ಮೆಟ್ಟಿಕೊಂಡು, ಭತ್ತದ ಹೊಟ್ಟಿನ ಧೂಳಿನಲ್ಲಿ ನಡೆದು ಹೋದಳು.

"ಸಾವಕಾರ್ರ, ಸಿಕ್ಯದ," ಎಂದ ಗದ್ದೆಪ್ಪ. "ಸೌಡಿದು ತಪ್ಪಿಲ್ಲ. ತಪ್ಪು ನಮ್ದು. ಆ ಹೆಣ್ಮಗಳನ್ನ ಕರೀತೀನಿ."

"ಸರಿ ಮಾಡಿದಿಲ್ಲ?"

"ಮಾಡೀನ್ರಿ."

"ಮುಗೀತಲ್ಲ ಮತ್ತ," ಎಂದು ವಿರೂಪಣ್ಣ ಎದ್ದು ಬಂದ. ಸಿಟ್ಟಿನಿಂದಲ್ಲ, ಪ್ರೀತಿಯಿಂದಲೇ ಬಂದ. "ಗೊತ್ತಾದ್ರ ಕೆಳಗಿನವ್ರು ನನ್ನ ಮಿಲ್ಲಿಗೆ ಬೆಂಕಿ ಹಚ್ಚತಾರ. ನಿಮ್ಮ ಅಣ್ಣನೇ ಮೊದಲ ಕಡ್ಡಿ ಗೀರತಾನ. ಒಬ್ಬ ಸೌಡಿ ಹೋದ್ರ ಇನ್ನೊಬ್ಬ ಬರತಾನ. ಬಾಯಿ ಮುಚಗೊಂಡು ಕೂಡು ತಮ್ಮಾ. ದಡ್ಡ್ಯಾಗ ಕುರಿ ಹಿಕ್ಕಿ ಬಳಿಯಾಂವನ್ನ ತಂದು ತಂಪ ಗಾಳ್ಯಾಗ ಕುಂದ್ರಿಸೀನಿ, ನೆನಪಿಟ್ಗೊ." ಅಂದವನು ಕೆನ್ನೆ ತಟ್ಟಿದ, ಮೆಲ್ಲಗೆ, ಎರಡು ಸಲ. ಗದ್ದೆಪ್ಪ ಮೂಲೆಯ ಹಳೆ ಡಿಸ್ಕನ್ನು ನೋಡಿದ. ವಿರೂಪಣ್ಣನ ಕಿವಿಯ ಮೇಲಿನ ಮೆತ್ತನೆಯ ಜಾಗ ನೋಡಿದ. ಎದ್ದ. ಚಪ್ಪಲಿ ಹಾಕಿಕೊಂಡು ನೇರ ಬಸ್ ಸ್ಟ್ಯಾಂಡಿಗೆ ನಡೆದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕಲ್ಮಲಾ ದಾಟಿದ ಮೇಲೆ ಬಿಸಿಗಾಳಿ ಮುಖಕ್ಕೆ ರಾಚತೊಡಗಿತು. ಆ ಕೆನ್ನೆ ಮಾತ್ರ ಬೇರೆಯಾಗಿ ಉರಿಯಿತು. ಖಾಸಿಂ ಬೀಯನ್ನು ಆಗಲೇ ಕರೆದು ಹೇಳಬಹುದಿತ್ತು. ಬಾಗಿಲು ಹಾಕಲಿ ಎಂದು ಕಾದಿದ್ದ, ಮೈಯೆಲ್ಲ ಕಿವಿಯಾಗಿ, ಬಾಗಿಲು ಹಾಕಿದ ಸದ್ದಿಗೆ ಹಗುರಾಗಿದ್ದ. ಹೇಡಿ ಎಂದು ಅವನು ತನಗೆ ತಾನೇ ಅಂದುಕೊಂಡ, ಸ್ವಲ್ಪ ಗಟ್ಟಿಯಾಗಿಯೇ ಅಂದಿರಬೇಕು, ಪಕ್ಕದವನು ತಿರುಗಿ ನೋಡಿದ. ಚಿಕ್ಕಂದಿನಲ್ಲಿ, ದೇವದುರ್ಗದ ಆಚೆ ಅವರ ಗುಡ್ಡದ ಕುರಿದಡ್ಡಿಯ ಬಾಗಿಲಲ್ಲಿ ಅಪ್ಪ ಮುದುಕಪ್ಪ ಸಂಜೆ ನಿಂತು ಕುರಿ ಎಣಿಸುತ್ತಿದ್ದ. ಅವನ ಎಣಿಕೆಯೆಲ್ಲ ಬೆರಳ ಗೆಣ್ಣುಗಳ ಮೇಲೆ. ಹೆಬ್ಬೆರಳು ಒಂದೊಂದೇ ಗೆಣ್ಣು ಹತ್ತಿ ಇಳಿಯುತ್ತಿತ್ತು, ಒಂದು ಗೆಣ್ಣಿಗೆ ಒಂದು ಕುರಿ. ಎರಡೂ ಕೈಯ ಗೆಣ್ಣು ಮುಗಿದ ಕೂಡಲೇ ಒಂದು ಹರಳು ಕಂಬಳಿಯ ಗಂಟಿಗೆ ಹಾಕಬೇಕು, ಮತ್ತೆ ಮೊದಲ ಗೆಣ್ಣಿನಿಂದ ಶುರು. ಒಂದು ಸಂಜೆ ಯಾರೊಂದಿಗೋ ಮಾತಾಡುತ್ತ ಅಪ್ಪ ಹರಳು ಹಾಕುವುದನ್ನು ಮರೆತ. ಕೊನೆಗೆ ನೋಡಿದರೆ ಒಂದು ಸುತ್ತಿನ ಕುರಿಗಳೇ ಇಲ್ಲ. ಆ ದಿನ ಮೇಯಿಸಲು ಹೋಗಿದ್ದವನು ಅಣ್ಣ ಕನಕರಾಯ, ಮೀಸೆ ಮೂಡುತ್ತಿದ್ದ ವಯಸ್ಸು. ಮಾರಿಕೊಂಡು ಬಂದಿದ್ದೀಯ ಎಂದು ಅಪ್ಪ ಬಾರುಕೋಲು ತೆಗೆದ. ಅವ್ವ ಯಂಕಮ್ಮ ನಡುವೆ ಬಿದ್ದಳು, ಅವಳಿಗೂ ಬಿತ್ತು. ಅಣ್ಣನ ಬೆನ್ನ ಮೇಲೆ ಅಂಗಿಯ ಜೊತೆ ಚರ್ಮವೂ ಬಿಚ್ಚಿಕೊಂಡಿತು, ಹುಣಸೆ ಗಿಡದ ಬೊಡ್ಡೆಗೆ ರಕ್ತ ಸಿಡಿಯಿತು. ಬೆಳಿಗ್ಗೆ ಎಣಿಸಿದರೆ ಎಲ್ಲ ಕುರಿಗಳೂ ಇದ್ದವು. ಅಪ್ಪ ರೊಟ್ಟಿ ತಿಂದ, ಕಂಬಳಿ ಹೆಗಲಿಗೆ ಹಾಕಿದ, ಹೋದ. ಅಣ್ಣ ಹೊರಡುವ ಮುಂಚೆ ಅಂಗಳದ ನಾಯಿಗೆ ಒದ್ದ, ಅಷ್ಟೇ. ಬಸ್ಸು ನೀರಮಾನ್ವಿಯಲ್ಲಿ ನಿಂತು ಹೊರಟಿತು.

ಆ ಅಣ್ಣ ಒಣಭೂಮಿ ಬಿಟ್ಟು ಪೋತ್ನಾಳದ ಕಡೆ ಕಾಲುವೆಯ ಕೊನೆಯಲ್ಲಿ ಗದ್ದೆ ಪಾಲಿಗೆ ಹಿಡಿದ, ಗದ್ದೆಪ್ಪನನ್ನು ರಾಯಚೂರಿನ ಹಾಸ್ಟೆಲ್ಲಿಗೆ ಸೇರಿಸಿದ. ಮೊದಲ ಸಲ ಪಾಳಿಯ ಕಾಗದ ಯಂತ್ರದಿಂದ ಬಂದಾಗ ಗದ್ದೆಪ್ಪನೇ ಇಸ್ತ್ರಿ ಪ್ಯಾಂಟು ಹಾಕಿಕೊಂಡು ದಂಡೆಯ ಮೇಲೆ ನಿಂತು ಎಲ್ಲರಿಗೂ ತಿಳಿಸಿ ಹೇಳಿದ್ದ. ಸೌಡಿಗೆ ಮರೆವು ಬರಬಹುದು, ಸೌಡಿ ಬಾಯಿ ತಪ್ಪಬಹುದು, ಮಷಿನ್ನಿಗೆ ಅದೆಲ್ಲ ಇಲ್ಲ. ಆ ದಿನ ಅಣ್ಣನ ಮುಖದಲ್ಲಿ ಕಂಡ ಹೆಮ್ಮೆಯನ್ನು ಅವನು ಬಹಳ ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದ್ದ. ಶಂಶುದ್ದೀನ್ ಅಲ್ಲೇ ಗೇಟಿನ ಚಕ್ರಕ್ಕೆ ಕೈಯಿಟ್ಟು ನಿಂತು, ಹೌದ್ರೀ ಸಾಬ್, ಹೌದ್ರೀ ಎಂದು ತಲೆಯಾಡಿಸಿದ್ದ. ಹೋದ ವಾರ ಅತ್ತಿಗೆ ಕರೆಮ್ಮ ಬಿಸಿ ರೊಟ್ಟಿ ಬಡಿದು ಹಾಕುತ್ತಿರುವಾಗ ಅಣ್ಣ ನಡೆದದ್ದನ್ನು ಹೇಳಿದ. ಕಾಗದ ಹಿಡಿದು ಹೋದೆ, ಗೇಟು ಹಾಕಿತ್ತು, ಎತ್ತು ಅಂದೆ, ಮೇಲಿನವರ ಪಾಳಿ ಅಂದ ಸೌಡಿ, ಚಕ್ರ ಹಿಡಿದು ನಿಂತ, ಬಿಡಲಿಲ್ಲ. ಸಲಿಕೆ ಎತ್ತಿ ಚಕ್ರದ ಮೇಲಿದ್ದ ಕೈಗೇ ಹಾಕಿದೆ. "ಮೂರು ಬೆರಳು ಹಾರಿ ಕಾಲುವಿಗೆ ಬಿದ್ವು ನೋಡು. ನಮ್ಮ ಹೊಲಕ್ಕ ನೀರ ಬರಲಿಲ್ಲ, ಬೆರಳಾದ್ರೂ ಬಂದಿರಬೇಕು," ಎಂದು ಅಣ್ಣ ನಕ್ಕ. ಗದ್ದೆಪ್ಪನೂ ನಕ್ಕಿದ್ದ. ರೊಟ್ಟಿ ಬಾಯಲ್ಲಿಟ್ಟುಕೊಂಡೇ ನಕ್ಕಿದ್ದ. ಆಗಲೇ ಅವನಿಗೆ ಅನುಮಾನವಿತ್ತು, ಎಲ್ಲೋ ಒಂದು ಸಾಲು ಉಳಿದದ್ದು ಆಗಲೇ ನೆನಪಾಗಿತ್ತು, ಆದರೂ ಅಣ್ಣನ ಜೊತೆ ನಕ್ಕಿದ್ದ. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಂತಿ ಮಾಡಿದ. ಕಂಡಕ್ಟರ್ ಬೈದ.

ಬಸ್ಸು ಇಳಿದು ದಂಡೆಯ ಹಾದಿ ಹಿಡಿದಾಗ ಹೊತ್ತು ಇಳಿಯುತ್ತಿತ್ತು. ಗೇಟಿನ ಹತ್ತಿರ ಹತ್ತೆಂಟು ಮಂದಿ ಕೂತಿದ್ದರು, ಬಡಿಗೆ, ಸಲಿಕೆ, ಒಬ್ಬನ ಕೈಯಲ್ಲಿ ಕೊಡಲಿ. ಆಚೆ ಸೌಡಿಯ ಕ್ವಾರ್ಟರ್ಸಿನ ಬಾಗಿಲು ಮುಚ್ಚಿತ್ತು, ಒಳಗಿನಿಂದ ಏನನ್ನೋ ಎಳೆದು ಬಾಗಿಲಿಗೆ ಒರಗಿಸುವ ಸದ್ದು ಬರುತ್ತಿತ್ತು. ಖಾಸಿಂ ಬೀ ತನಗಿಂತ ಮೊದಲೇ ಬಂದು ಮುಟ್ಟಿದ್ದಾಳೆ. ಕನಕರಾಯ ಗೇಟಿನ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತಿದ್ದ. ತಮ್ಮನನ್ನು ನೋಡಿ ಮುಖ ಅರಳಿಸಿದ.

"ಬಾ ಬಾ. ಸರಿಯಾದ ಯಾಳೇಕ ಬಂದಿ. ಕಳ್ಳನ್ನ ಹೆಂಗ ಎಬ್ಬಸತೀವಿ ನೋಡಿ ಹೋಗು."

"ಯಣ್ಣಾ, ಅವ ಕಳ್ಳ ಅಲ್ಲ. ಅವಗ ಬಂದ ಕಾಗದದಾಗ ಹಂಗ ಇತ್ತು. ಮಷಿನ್ ತಪ್ಪು ಬರದಿತ್ತು."

ಮಂದಿ ನಕ್ಕರು. ಕೆಂಪು ರುಮಾಲಿನವನೊಬ್ಬ, "ಸೌಡಿ ಹೆಂಡ್ತಿ ರಾಯಚೂರಿಗೆ ಹೋಗಿದ್ಲಂತ, ಅದಕ್ಕ ತಮ್ಮ ಓಡಿ ಬಂದಾನ," ಎಂದ. ಕನಕರಾಯ ನಗಲಿಲ್ಲ.

"ಮಷಿನ್ ತಪ್ಪು ಮಾಡಂಗಿಲ್ಲ ಅಂದಾಂವ ನೀನ. ಇಲ್ಲೇ ನಿಂತು ಅಂದೀದಿ."

"ಅಂದೀನಿ."

"ಮತ್ತ?"

ಗದ್ದೆಪ್ಪನಿಗೆ ಮನೆ, ಸಂಖ್ಯೆ, ಋಣ ಯಾವುದೂ ಬಾಯಿಗೆ ಬರಲಿಲ್ಲ. ಎಡಗೈ ಎತ್ತಿ ಅಣ್ಣನ ಮುಂದೆ ಹಿಡಿದ. ಹೆಬ್ಬೆರಳನ್ನು ಮೊದಲ ಗೆಣ್ಣಿನ ಮೇಲಿಟ್ಟ. "ಅಪ್ಪ ಕುರಿ ಎಣಿಸತಿದ್ದನಲ್ಲ. ಒಂದು ಗೆಣ್ಣಿಗೆ ಒಂದು ಕುರಿ. ಗೆಣ್ಣು ಮುಗದು ಹೋದ್ರೂ ಕುರಿ ಬರಾಕತ್ತಾವ. ಹರಳು ಹಾಕಲಿಲ್ಲ ಅಂದ್ರ ಏನಾಗತದ? ಹೆಬ್ಬೆರಳು ತಿರುಗಿ ಮೊದಲ ಗೆಣ್ಣಿಗೇ ಬರತದ. ಎರಡು ಕುರಿ, ಒಂದ ಗೆಣ್ಣು. ಮೊದಲಿಂದು ಎಣಿಕ್ಯಾಗ ಸತ್ತು ಹೋಗತದ. ದಡ್ಡ್ಯಾಗ ಜೀವಂತ ಇರತದ, ಎಣಿಕ್ಯಾಗ ಇರಂಗಿಲ್ಲ. ಹಂಗ ಆಗ್ಯದ. ನಿಮ್ಮ ಪಾಳಿ ಮ್ಯಾಲ ಅವರ ಪಾಳಿ ಬಂದು ಕುಂತದ. ಹರಳು ಹಾಕೋ ಕೆಲಸ ನಂದು. ನಾ ಹಾಕಲಿಲ್ಲ. ಸೌಡಿ ತನ್ನ ಕಾಗದ ನೋಡಿ ಗೇಟ ಹಾಕ್ಯಾನ."

ಕನಕರಾಯ ತಮ್ಮನ ಕೈಯನ್ನೇ ನೋಡುತ್ತಿದ್ದ. ಬೀಡಿ ಅವನ ಬೆರಳಲ್ಲೇ ಉರಿದು ಚುರ್ ಎಂದಿತು, ಅವನು ಬಿಡಲಿಲ್ಲ. ಅವನ ಇನ್ನೊಂದು ಕೈ ತಾನಾಗಿ ಹಿಂದಕ್ಕೆ ಹೋಗಿ, ಅಂಗಿಯ ಮೇಲಿಂದ ಬೆನ್ನನ್ನು ಮುಟ್ಟಿಕೊಂಡಿತು. ಅರ್ಥವಾಯಿತು ಎಂದು ಗದ್ದೆಪ್ಪನಿಗೆ ಗೊತ್ತಾಯಿತು. ಹೊಡೆಯುತ್ತಾನೆ ಈಗ, ಎಂದುಕೊಂಡ. ಹೊಡೆಯಲಿ. ಬೆಳಗಿನಿಂದ ತನ್ನ ತಲೆಯಲ್ಲಿ ಎತ್ತಿ ಎತ್ತಿ ಇಟ್ಟ ಆ ಭಾರವೆಲ್ಲ ಒಂದು ಸಲ ತನ್ನ ಮೇಲೇ ಬಿದ್ದು ಮುಗಿಯಲಿ. ಅವನು ಕಣ್ಣು ಮುಚ್ಚಿ, ಕೈ ಚಾಚಿಕೊಂಡೇ ನಿಂತ.

"ನಡೀರೋ, ಕತ್ತಲಾಕತ್ತದ," ಎಂದು ಕೊಡಲಿಯವನು ಎದ್ದ.

"ಸೌಡಿ ಕಳ್ಳ ಅಲ್ಲ," ಎಂದ ಕನಕರಾಯ.

"ಮತ್ತ ಯಾರು?"

ಕನಕರಾಯ ಕಟ್ಟೆಯಿಂದ ಇಳಿದ. ಗೇಟಿನ ಚಕ್ರದ ಹತ್ತಿರ ಹೋದ. ಅದರ ಕಬ್ಬಿಣದಲ್ಲಿ ಸಲಿಕೆಯ ಕಚ್ಚು ಇನ್ನೂ ಹೊಳೆಯುತ್ತಿತ್ತು. ಆ ಕಚ್ಚಿನ ಮೇಲೆ ತನ್ನ ಬಲಗೈ ಇಟ್ಟು, ಬೆರಳು ಬಿಡಿಸಿದ. ಇನ್ನೊಂದು ಕೈಯಿಂದ ಸಲಿಕೆ ತೆಗೆದು ತಮ್ಮನ ಕಡೆ ಚಾಚಿದ.

"ಹಿಡಿ."

"ಯಣ್ಣಾ..."

"ಅಪ್ಪ ನನಗ ಹೊಡದ. ಬೆಳಿಗ್ಗೆ ಕುರಿ ಸಿಕ್ಕ ಮ್ಯಾಲ ಸುಮ್ಮನ ಎದ್ದು ಹೋದ. ನಾ ಎದ್ದು ಹೋಗಾಂವಲ್ಲ. ಹೊಡಿ."

"ನನ್ನ ಹೊಡಿಯಣ್ಣ. ತಪ್ಪು ನಂದು."

"ನಿಂದ ಅಂತ ಗೊತ್ತದಲೇ. ನೀ ಅಲ್ಲಿ ತಂಪಿನ್ಯಾಗ ಕುಂತಲ್ಲೇ ಹೊಡದಿ. ಕೈಯಾಗ ಹೆಂಗ ಇರತದ ಗೊತ್ತಾಗಲಿ. ಹೊಡಿ, ಸೂಳೇಮಗನ!"

ಯಾರೋ ಬೇಡ ಬೇಡ ಎಂದರು, ಯಾರೂ ಹತ್ತಿರ ಬರಲಿಲ್ಲ. ಸಲಿಕೆಯ ಹಿಡಿಕೆ ಬೆವರಿನಿಂದ ಜಾರುತ್ತಿತ್ತು. ಗದ್ದೆಪ್ಪ ಅದನ್ನು ಎತ್ತಿದ. ಎತ್ತಿದಾಗ ಅವನಿಗೇ ಭಯವಾಗುವಷ್ಟು ಸಲೀಸಾಗಿ ಬಲ ಬಂತು. ಗುಮಾಸ್ತರ ನಗು ಬಂತು, ಕೆನ್ನೆಯ ಮೇಲಿನ ಆ ಎರಡು ತಟ್ಟು ಬಂತು, ಕಣ್ಣೆದುರಿಗೆ ಅಣ್ಣನ ಕೈ ಅಣ್ಣನದಾಗಿ ಉಳಿಯಲಿಲ್ಲ. ಇಳಿಯುವ ಕ್ಷಣದಲ್ಲಿ ಅವನ ಮಣಿಕಟ್ಟು ತಿರುಗಿತು, ಅಲಗು ಅಡ್ಡವಾಗಿ ಚಪ್ಪಟೆಯಾಗಿ ಬಿತ್ತು. ಒಣ ಕಟ್ಟಿಗೆ ಮುರಿದ ಸದ್ದಾಯಿತು. ಕನಕರಾಯ ಕೂಗಲಿಲ್ಲ. ಮೊಣಕಾಲ ಮೇಲೆ ಕುಸಿದು, ಹಲ್ಲು ಕಚ್ಚಿ, ಬಾಗಿದ ಬೆರಳುಗಳನ್ನು ನೋಡಿದ. ಬೆರಳುಗಳು ಕೈಗೇ ಅಂಟಿಕೊಂಡಿದ್ದವು, ಒಡೆದ ಉಗುರುಗಳಿಂದ ಕಪ್ಪು ರಕ್ತ ತೊಟ್ಟಿಕ್ಕಿತು. ಕೂಗಿದವನು ಗದ್ದೆಪ್ಪ.

"ಅಡ್ಡ ಹಿಡದಿ," ಎಂದ ಕನಕರಾಯ, ಉಸಿರೆಳೆಯುತ್ತ. "ಪೂರಾ ಮಾಡಂಗಿಲ್ಲ ನೀ, ಯಾವುದನ್ನೂ."

ಕ್ವಾರ್ಟರ್ಸಿನ ಬಾಗಿಲು ಸ್ವಲ್ಪ ತೆರೆಯಿತು. ಖಾಸಿಂ ಬೀ ಹೊರಗೆ ಬಂದಳು, ಗಂಡನ ಕೈಗೆ ಕಟ್ಟಲು ಹರಿದಿಟ್ಟ ಬಟ್ಟೆಯ ಚೂರುಗಳು ಅವಳ ಕೈಯಲ್ಲಿದ್ದವು. ಯಾರ ಮುಖವನ್ನೂ ನೋಡದೆ ಕನಕರಾಯನ ಮುಂದೆ ಕೂತು ಬೆರಳುಗಳನ್ನು ಒಟ್ಟಿಗೆ ಸೇರಿಸಿ ಬಿಗಿಯಾಗಿ ಸುತ್ತಿದಳು. ಹದಿನೈದು ದಿನದಿಂದ ಅದೇ ಕೆಲಸ ಮಾಡಿದ ಕೈ, ಬೇಗ ಸುತ್ತಿತು. ಗಂಟು ಹಾಕಿದ ಮೇಲೆ ಕೇಳಿದಳು.

"ನಾವಿನ್ನ ಇಲ್ಲೇ ಇರಬಹುದಾ, ಯಪ್ಪಾ?"

"ಇರವಾ," ಎಂದ ಕನಕರಾಯ. "ಒಳಗ ಹೋಗಿ ನಿನ್ನ ಗಂಡನ್ನ ಕೇಳಿ ಬಾ, ಇವತ್ತ ರಾತ್ರಿ ಪಾಳಿ ಯಾರದು ಅಂತ. ಕಾಗದ ಬ್ಯಾಡ. ಅವ ಬಾಯ್ಲೆ ಹೇಳಲಿ."

ಅವಳು ಒಳಗೆ ಹೋದಳು. ಎಲ್ಲರೂ ಮುಚ್ಚಿದ ಗೇಟಿನ ಈಚೆ ಬಿರುಕು ಬಿಟ್ಟ ಕಾಲುವೆಯನ್ನು ನೋಡುತ್ತ ನಿಂತರು. ಆ ಗೇಟು ಎತ್ತಿದರೆ ನೀರು ಕೆಳಗಿನವರ ಒಣಗುತ್ತಿರುವ ಗದ್ದೆಗಳಿಗೆ, ಎತ್ತದಿದ್ದರೆ ಮೇಲಿನವರಿಗೆ. ಅವಳು ತಿರುಗಿ ಬಂದು ಹೊಸ್ತಿಲಲ್ಲೇ ನಿಂತಳು.

"ಮ್ಯಾಲಿನವರದಂತ್ರಿ," ಎಂದಳು.

ಕೊಡಲಿಯವನು ಕನಕರಾಯನನ್ನು ನೋಡಿದ. ಕನಕರಾಯ ಚಕ್ರವನ್ನು ಮುಟ್ಟಲಿಲ್ಲ. ಎಡಗೈ ಊರಿ ಎದ್ದು, ಕಟ್ಟಿದ ಕೈಯನ್ನು ಎದೆಗೆ ಹಿಡಿದುಕೊಂಡು, ಮನೆಯ ಕಡೆ ಹೆಜ್ಜೆ ಹಾಕಿದ. ಒಬ್ಬೊಬ್ಬರಾಗಿ ಉಳಿದವರೂ ಬಡಿಗೆ ಎತ್ತಿಕೊಂಡು ಹೊರಟರು. ಸ್ವಲ್ಪ ದೂರ ಹೋಗಿ ಅವನು ತಿರುಗದೆಯೇ ಅಂದ, "ಸಲಿಕಿ ಅಲ್ಲೇ ಇಟ್ಟು ಬಾರಲೇ. ಉಣ್ಣಾಕ ಹೊತ್ತಾಗ್ಯದ."

ಗದ್ದೆಪ್ಪ ಇಡಲು ನೋಡಿದ. ಹಿಡಿಕೆಯ ಮೇಲೆ ಅವನ ಹತ್ತೂ ಬೆರಳು ಇಡಿಯಾಗಿದ್ದವು, ಒಂದಕ್ಕೂ ಗಾಯವಿರಲಿಲ್ಲ, ಮತ್ತು ಒಂದೂ ಬಿಚ್ಚಲಿಲ್ಲ.